ಬಾವಲಿ ಹಿಡಿಯುವವನ ಹೆಬ್ಬೆರಳು

ಎಂಬತ್ತರ ದಶಕದಲ್ಲಿ ಅಜ್ಜಂಪುರದಲ್ಲಿ ನನ್ನ ಸಂಶೋಧನೆಗೆ ಬಾವಲಿ ಹಿಡಿದುಕೊಡುತ್ತಿದ್ದವನು ತೆಂಗಿನಕಾಯಿ ಕೀಳುವ ಆಳು. ಮರದಿಂದ ಇಳಿದವನೇ ಬಾವಲಿಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಸವರಿ, "ಬಸುರಾಗೈತೆ, ಕೂಸು ಬೆಳೀದಂಗೆ ತಡ್ಕಂಡೈತೆ ಕಣ್ರೀ" ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು. ನಾನು ನಗುತ್ತಿದ್ದೆ.

ಆಮೇಲೆ ಎರಡು ವರ್ಷ ಬಾವಲಿಗಳಿಗೆ ಹಾರ್ಮೋನು ಚುಚ್ಚಿ, ಬೆಳವಣಿಗೆ ನಿಂತಿದ್ದ ಭ್ರೂಣ ಮತ್ತೆ ಬೆಳೆಯುವುದನ್ನು ಹೊಟ್ಟೆ ಕೊಯ್ದು ನೋಡಿ, ಅವನ ಮಾತನ್ನೇ ಇಂಗ್ಲಿಷಿನಲ್ಲಿ ಬರೆದೆ. ಡಾಕ್ಟರೇಟ್ ಬಂತು.

ಅಚ್ಚಾದ ಪ್ರಬಂಧವನ್ನು ಅವನಿಗೆ ತೋರಿಸಿದ್ದು ನನ್ನ ಜಂಬಕ್ಕೆ. ಓದು ಬಾರದ ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು, "ನನ್ನೆಸರು ಎಲ್ಲೈತೆ ಸ್ವಾಮಿ?" ಎಂದ.

ಎಲ್ಲೂ ಇರಲಿಲ್ಲ. ನನ್ನ ಹೆಸರನ್ನೇ ತೋರಿಸಿ, "ಇಲ್ಲಿದೆ ನೋಡಪ್ಪಾ" ಎಂದೆ.

ಅವನು ಅದೇ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದ.