ಅಲ್ಲಾಡದ ಪೆಟ್ಟಿಗೆ

ಪೀಣ್ಯದಲ್ಲಿ ಯಂತ್ರಗಳನ್ನು ಹೊರದೇಶಕ್ಕೆ ಕಳಿಸಲು ಮರದ ಪೆಟ್ಟಿಗೆ ಮಾಡಿಕೊಡುವ ಬಡಗಿಯೊಬ್ಬರಿದ್ದರು. ಕಿವಿಯ ಮೇಲೆ ಪೆನ್ಸಿಲು, ತುಟಿಯಲ್ಲಿ ಎರಡು ಮೊಳೆ. ಮೊಳೆಗಳ ಸಂದಿಯಿಂದಲೇ ಮಾತು: "ಮಾಲು ಅಲ್ಲಾಡ್ಬಾರ್ದು ಸಾರ್."

ಕಂಪನಿ ನನ್ನನ್ನು ಜರ್ಮನಿಗೆ ವರ್ಗ ಮಾಡಿದಾಗ ಮನಿಪ್ಲಾಂಟನ್ನು ಪಕ್ಕದ ಮನೆಗೆ ಒಪ್ಪಿಸಿದೆ. ನಮ್ಮ ನಾಯಿ ಕರಿಯನನ್ನು ಒಪ್ಪಿಸಲಾಗಲಿಲ್ಲ. ಪೆಟ್ಟಿಗೆಯೊಳಗೆ ನಾಯಿ ನಿಂತು ಒಂದು ಸುತ್ತು ತಿರುಗುವಂತಿರದಿದ್ದರೆ ವಿಮಾನದವರು ಹತ್ತಿಸುವುದಿಲ್ಲ, ಬಿಟ್ಟೇ ಹೋಗಬೇಕು. ನಾನು ಏಳು ಸಲ ಕರಿಯನ ಅಳತೆ ತೆಗೆದು ಬಡಗಿಗೆ ಕೊಟ್ಟೆ. ತಿರುಗುವ ವಿಷಯ ಮಾತ್ರ ಹೇಳಲು ಮರೆತಿದ್ದೆ.

ಹೊರಡಲು ಮೂರು ದಿನವಿರುವಾಗ ಕರಿಯನ ಜೊತೆ ಬಡಗಿಯ ಶೆಡ್ಡಿಗೆ ಹೋದೆ. ಪೆಟ್ಟಿಗೆಯೊಳಗೆ ಸುತ್ತಲೂ ಒತ್ತಾಗಿ ಥರ್ಮೋಕೋಲ್, ನಡುವೆ ಕರಿಯನ ಮೈಯಷ್ಟೇ ಜಾಗ. ಹೊರಗೆ ‘ನೆನೆಯಬಾರದು, ಒಡೆಯಬಾರದು’ ಎನ್ನುವ ಕೊಡೆ, ಗಾಜಿನ ಲೋಟದ ಚಿತ್ರ ಬೇರೆ.

"ಇದ್ರಲ್ಲಿ ಅವ್ನು ತಿರುಗೋದು ಹೆಂಗ್ರೀ?"

"ತಿರುಗ್ಬೇಕಾ? ಇಷ್ಟ್ ವರ್ಷದಲ್ಲಿ ಯಾವ ಮೋಟ್ರೂ ಕೇಳಿಲ್ಲ ಸಾರ್!"

ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅಲ್ಲೇ ಹಲಗೆ ಬಿಚ್ಚಿ, ಸಂಜೆಯೊಳಗೆ ದೊಡ್ಡದು ಕಟ್ಟಿದರು. ಕರಿಯ ಒಳಹೋಗಲು ಒಪ್ಪಲಿಲ್ಲ. ಬಡಗಿ ಮಂಡಿಯೂರಿ, ಹೆಗಲವರೆಗೆ ಒಳತೂರಿ, ಚಹಾದ ಜೊತೆಗೆಂದು ಇಟ್ಟುಕೊಂಡಿದ್ದ ತಮ್ಮ ಬನ್ನನ್ನು ಆ ತುದಿಯಲ್ಲಿಟ್ಟು ಬಂದರು. ಕರಿಯ ಒಳನುಗ್ಗಿ ತಿಂದು, ಒಂದು ಸುತ್ತು ತಿರುಗಿ ನಮ್ಮ ಕಡೆ ಮುಖ ಮಾಡಿ ನಿಂತ. ಬಾಲ ಹಲಗೆಗೆ ಟಪಟಪ ಬಡಿಯತೊಡಗಿತು.

"ಬಾಲಕ್ಕೆ ಏಟಾಗಲ್ವಾ?" ಎಂದೆ.

ಬಡಗಿ ಮೊದಲ ಸಲ ಮಾತಾಡಲೆಂದು ತುಟಿಯಿಂದ ಮೊಳೆ ತೆಗೆದರು.

"ಅದೊಂದು ಅಲ್ಲಾಡ್ಲಿ ಬಿಡಿ ಸಾರ್."