ಇಲ್ಲಿ ನೋಡೂದೇನೈತಿ?

ಮೊನ್ನೆ ಕೋಟುಗಳ ಕಪಾಟು ತೆಗೆದರೆ ಮೇಲಿನ ಹಲಗೆಯಿಂದ ಸ್ವೆಟ್‌ಶರ್ಟುಗಳ ರಾಶಿ ದಬದಬ ತಲೆಯ ಮೇಲೆ ಬಿತ್ತು. ಎಲ್ಲದರ ಎದೆಯ ಮೇಲೂ ಇಲ್ಲಿಯ ಅದೇ ಕೆಂಪು ಸೇತುವೆಯ ಚಿತ್ರ. ಒಂದೂ ನಮ್ಮದಲ್ಲ. ಬೇಸಿಗೆಗೆ ಬರುವ ನೆಂಟರಿಗೆಲ್ಲ ನಾನು ಫೋನಿನಲ್ಲೇ ಹೇಳಿರುತ್ತೇನೆ, ಜುಲೈ ಅಂತ ನಂಬಬೇಡಿ, ಬೆಚ್ಚಗಿನದು ತನ್ನಿ ಎಂದು. ಅವರು ನಕ್ಕು, ಹತ್ತಿ ಬಟ್ಟೆ ತುಂಬಿಕೊಂಡು ಬರುತ್ತಾರೆ. ಸೇತುವೆಯ ಬುಡದಲ್ಲಿ ಹಲ್ಲು ಕಟಕಟಿಸುತ್ತ ನಿಂತು ಪಕ್ಕದ ಅಂಗಡಿಯಲ್ಲಿ ಇದನ್ನು ಕೊಳ್ಳುತ್ತಾರೆ. ವಾಪಸ್ಸು ಹೊರಡುವಾಗ ಸೂಟ್‌ಕೇಸು ಭಾರವಾಯಿತೆಂದು ನನ್ನ ಕಪಾಟಿಗೆ ದಾನ ಮಾಡುತ್ತಾರೆ.

ನೋಡುವಂಥದ್ದು ಇರುವ ಊರಿನಲ್ಲಿ ನೀವು ಮನೆ ಮಾಡಿದ್ದರೆ ನನ್ನ ಗೋಳು ನಿಮಗೆ ತಾನಾಗಿಯೇ ಅರ್ಥವಾಗುತ್ತದೆ. ಇಲ್ಲದಿದ್ದರೆ ನೀವು ಪುಣ್ಯವಂತರು. ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟು ವಿಮಾನ ನಿಲ್ದಾಣಕ್ಕೆ ಹತ್ತಿರ. ಇದು ನನ್ನ ಜಾತಕದಲ್ಲಿದ್ದ ಮೊದಲ ದೋಷ. ನನಗೆ ಕಾರು ಓಡಿಸಲು ಬರುತ್ತದೆ ಎಂಬುದು ಎರಡನೆಯದು. ಯಾವ ನೆಂಟರೇ ಬರಲಿ, ಕಡಿದಾದ ರಸ್ತೆ, ತಿರುವಿನ ರಸ್ತೆ, ದಡದಲ್ಲಿ ಬಿದ್ದುಕೊಂಡು ಬೊಗಳುವ ಕಡಲಸಿಂಹ, ಕೊನೆಗೆ ಸೇತುವೆ. ಅವರನ್ನು ಇಳಿಸಿ, ಪಾರ್ಕಿಂಗು ಹುಡುಕುತ್ತ ನಾನು ಸುತ್ತುತ್ತೇನೆ. ಜಾಗ ಸಿಗುವ ಹೊತ್ತಿಗೆ ಅವರ ಫೋನು ಬರುತ್ತದೆ: "ನೋಡಿ ಆಯ್ತು, ಎಲ್ಲಿದ್ದೀಯಾ?"

ಈ ಎಲ್ಲ ನೆಂಟರ ನಡುವೆ ನನ್ನ ತಾಳ್ಮೆಯನ್ನು ತಳದ ತನಕ ಕೆರೆದು ತೆಗೆದವಳು ದೊಡ್ಡವ್ವ. ನಮ್ಮಮ್ಮನ ಅಕ್ಕ, ವಿಜಯಪುರದವಳು. ವಾಲ್ನಟ್ ಕ್ರೀಕಿನಲ್ಲಿರುವ ಮಗಳು ಸುಮಾಳ ಬಾಣಂತನಕ್ಕೆಂದು ಹೋದ ವರ್ಷ ಬಂದಿದ್ದಳು. ಬಂದವಳು ಕಂಡದ್ದು ಅಡುಗೆಮನೆ, ತೊಟ್ಟಿಲು ಮತ್ತು ಮಕ್ಕಳ ಡಾಕ್ಟರ ಕ್ಲಿನಿಕ್ಕು. ಹೊರಡುವ ವಾರದಲ್ಲಿ ಸುಮಾ ನನಗೆ ಫೋನು ಮಾಡಿದಳು. "ಅಕ್ಕಾ, ಅವ್ವ ಏನೂ ನೋಡಿಲ್ಲ. ನನ್ನ ಕೈಲಿ ಕೂಸು. ನೀನೇ ಒಂದೆರಡು ದಿನ ತಿರುಗಾಡಿಸಿಬಿಡು."

ನಾನು ಹುರುಪಿನಿಂದಲೇ ಒಪ್ಪಿದೆ. ಆಫೀಸಿಗೆ ರಜೆ ಹಾಕಿದೆ. ಬೇಸಿಗೆ ರಜೆಯಲ್ಲಿದ್ದ ನನ್ನ ಮಗಳು ಅನುವೂ ಜೊತೆಗೆ ಬಂದಳು.

ಮೊದಲ ದಿನ ಸೇತುವೆಗೆ ಹೋದರೆ ಮಂಜು. ಕಂಬಗಳ ಅರ್ಧ ಮಾತ್ರ ಕಾಣುತ್ತಿತ್ತು, ಉಳಿದದ್ದು ಮೋಡದಲ್ಲಿ. ದೊಡ್ಡವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ನೋಡಿದಳು.

"ಇಷ್ಟನ?"

"ಮಂಜು ದೊಡ್ಡವ್ವ. ಸ್ವಲ್ಪ ತಾಳು, ಸರಿಯುತ್ತೆ."

"ನಮ್ಮ ಗೋಲಗುಮ್ಮಟ ಎಂಥಾ ಮಂಜಿಗೂ ಮುಚ್ಚಂಗಿಲ್ಲವ್ವಾ. ಹತ್ತು ಹರದಾರಿ ದೂರಿಂದ ಕಾಣತೈತಿ."

ಎರಡನೆಯ ದಿನ ದಡದಲ್ಲಿ ನಿಂತು ಕೊಲ್ಲಿಯ ನಡುವಿನ ಹಳೆಯ ಜೈಲಿನ ದ್ವೀಪ ತೋರಿಸಿದೆ. "ಜೇಲ್ ನೋಡಾಕ ಟಿಕೀಟ್ ತಗೋತಾರ? ನಮ್ಮೂರ ಜೇಲಿನ ಗ್ವಾಡಿ ಇದಕ್ಕಿಂತ ಎತ್ತರ ಐತಿ." ತಿರುವಿನ ರಸ್ತೆಗೆ ಕರೆದೊಯ್ದೆ. "ಸೀದಾ ಮಾಡಾಕ ಬರಲಿಲ್ಲೇನ ಇವರಿಗೆ?" ಕಡಲಸಿಂಹಗಳ ಎದುರು ಮಾತ್ರ ಸ್ವಲ್ಪ ಹೊತ್ತು ನಿಂತಳು. ನನಗೆ ಆಸೆ ಹುಟ್ಟಿತು. ಆಮೇಲೆ ಅಂದಳು: "ಉಂಡು ಮಲಗ್ಯಾವ. ಮನಿಗೆ ಬಂದ ಬೀಗರಂಗ." ಪ್ರತಿಯೊಂದಕ್ಕೂ ಬಾಲದ ಹಾಗೆ ಗೋಲಗುಮ್ಮಟ. ಅದರ ಎತ್ತರ, ಅದರ ಒಳಗೆ ನಿಂತಾಗ ಆಗುವ ತಂಪು, ಒಂದು ಕೂಗಿಗೆ ಏಳು ಸಲ ಮರುದನಿ, ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಕೂತವರಿಗೆ ಕಿವಿಯಲ್ಲಿ ಹೇಳಿದಂತೆ ಕೇಳುವ ಬೆರಗು. ಅನು ಕೂಡ ಹಿಂದಿನ ಸೀಟಿನಲ್ಲಿ ಇಯರ್‌ಫೋನು ತೆಗೆದು ಕೇಳುವಷ್ಟು ಚೆನ್ನಾಗಿ ಹೇಳುತ್ತಿದ್ದಳು ದೊಡ್ಡವ್ವ. ನನಗೋ ಮೈ ಉರಿಯುತ್ತಿತ್ತು.

ಮೂರನೆಯ ದಿನ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತೇ ಬಿಟ್ಟಿತ್ತು. "ಇವತ್ತ ಮತ್ತೇನ್ ತೋರಸ್ತೀ? ಇಲ್ಲಿ ನೋಡೂದೇನೈತಿ?" ಎಂದಳು. ನನ್ನ ಬಾಯಿಂದ ಬಂದೇ ಬಿಟ್ಟಿತು.

"ನೀನು ಏನು ನೋಡಿದ್ರೂ ಗೋಲಗುಮ್ಮಟ ಅಂತೀಯಾ. ಅಷ್ಟಿದ್ರೆ ಅಲ್ಲೇ ಕೂತ್ಕೊಂಡು ನೋಡಬಹುದಿತ್ತಲ್ಲ!"

ದೊಡ್ಡವ್ವ ಸಿಟ್ಟಾಗಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಳು. ಅದು ಇನ್ನೂ ಕಷ್ಟ. ಇಳಿಯಬೇಕಾದ ಎಕ್ಸಿಟ್ಟು ತಪ್ಪಿ, ಊರನ್ನೆಲ್ಲ ಬಳಸಿ, ಕೊನೆಗೆ ಮರೀನಾ ಬಡಾವಣೆಯ ಹತ್ತಿರ ಕೊಳದ ಪಕ್ಕದಲ್ಲಿರುವ ದೊಡ್ಡ ಗುಮ್ಮಟದ ಎದುರು ಇಬ್ಬರನ್ನೂ ಇಳಿಸಿದೆ. ಯಾವುದೋ ಕಾಲದ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು, ಈಗ ಅದರ ಕೆಳಗೆ ಮದುವೆಯ ಫೋಟೋ ತೆಗೆಯುತ್ತಾರೆ. ಆಯಿತು, ಗುಮ್ಮಟವೇ ಬೇಕಲ್ಲ, ಇಗೋ ಗುಮ್ಮಟ ಎಂಬ ಹಟ ನನ್ನದು. ಅದೃಷ್ಟಕ್ಕೆ ಅಂದು ಪಾರ್ಕಿಂಗು ಬೇಗ ಸಿಕ್ಕಿತು.

ನಾನು ಹೋದಾಗ ಅನು ಗುಮ್ಮಟದ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಮೇಲಿನಿಂದ ಸಣ್ಣ ಚಟ್ ಎಂಬ ಸದ್ದು ಮರಳುತ್ತಿತ್ತು.

"ಅಜ್ಜೀ, ದಿಸ್ ಈಸ್ ಓನ್ಲಿ ಒನ್! ನಿಮ್ಮೂರಲ್ಲಿ ಸೆವೆನ್ ಅಲ್ವಾ? ನೀವು ಅಲ್ಲಿ ಏನಂತ ಕೂಗಿದ್ರಿ?"

ದೊಡ್ಡವ್ವ ತಲೆಯೆತ್ತಿ ಚಾವಣಿ ನೋಡುತ್ತಿದ್ದಳು. ಹಾಗೇ ನೋಡುತ್ತ ಅಂದಳು:

"ನಾ ಎಲ್ಲಿ ಒಳಗ ಹೋಗೀನವ್ವಾ."

ನನಗೆ ಕೇಳಿದ್ದು ತಪ್ಪೇನೋ ಅನ್ನಿಸಿತು. "ಅಂದ್ರೆ? ನೀನು ಗೋಲಗುಮ್ಮಟ ನೋಡೇ ಇಲ್ವಾ? ನಿಮ್ಮನೆ ಮಾಳಿಗೆ ಮೇಲೆ ನಿಂತ್ರೆ ಕಾಣುತ್ತೆ!"

"ಮಾಳಗಿ ಮ್ಯಾಲಿಂದ ದಿನಾ ನೋಡತೀನಿ. ಸಂಡಿಗಿ ಒಣಗಸುಮುಂದ."

"ಮತ್ತೆ ಮೂರು ದಿನದಿಂದ ಹೇಳಿದ್ದೆಲ್ಲ?"

"ಬಂದವರು ಹೇಳತಿದ್ರಲ್ಲ. ನಿಮ್ಮ ದೊಡ್ಡಪ್ಪ ಎಲ್ಲಾರನೂ ಕರಕೊಂಡು ಹೋಗಾವ್ರು. ನಾ ರೊಟ್ಟಿ ಬಡೀಬೇಕಲ್ಲ, ತಿರಗ್ಯಾಡಿ ಹಸಗೊಂಡು ಬರತಿದ್ರಿ. ಉಣ್ಣುಮುಂದ ಎಲ್ಲಾರೂ ಅದನ್ನ ಹೇಳೂದು. ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ."

ಒಮ್ಮೆ ಹೋಗಿದ್ದಳಂತೆ, ಬುತ್ತಿ ಕಟ್ಟಿಕೊಂಡು. ಸುಮಾ ಆಗ ಹೆಗಲ ಮೇಲೆ ಮಲಗಿದ ಕೂಸು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಚಪ್ಪಲಿಗೂ ಬುತ್ತಿಗೂ ಯಾರಾದರೂ ಬೇಕಲ್ಲ ಎಂದು ಇವಳು ಹೊರಗೆ ಹುಲ್ಲಿನ ಮೇಲೆ ಕೂತಳು. ಅವರು ಇಳಿದು ಬಂದಾಗ ಹೊತ್ತಾಗಿತ್ತು. ಉಂಡು ಮನೆಗೆ ಬಂದರು.

"ನೀನು ಹೇಳಬೇಕಿತ್ತು, ನಾನೂ ಬರ್ತೀನಿ ಅಂತ." ನನ್ನ ದನಿ ಯಾಕೋ ಏರಿತ್ತು. ಇಷ್ಟು ವರ್ಷ ಅವಳನ್ನು ಬಿಟ್ಟು ಹೋದವರ ಮೇಲೋ, ಸುಮ್ಮನೆ ಕೂತ ಅವಳ ಮೇಲೋ, ಸಿಟ್ಟು ಯಾರ ಮೇಲೆಂದು ನನಗೇ ತಿಳಿಯಲಿಲ್ಲ.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ನೀ ಏನ್ ನೋಡಿದಿ ಮೂರು ದಿನ? ನಾವು ಇಳದು ನೋಡೀವಿ. ನೀ ಗಾಡಿ ತಿರುವಿಕೋತ ಹೋದಿ. ನಿನ್ನೆ ಆ ಜೇಲಿನ ಮುಂದ ನಮ್ಮ ಚೀಲಾ ಹಿಡಕೊಂಡು ನೀರಿನ ಕಡೆ ಬೆನ್ನು ಮಾಡಿ ನಿಂತಿದ್ದಿ. ನನಗ ಹೇಳಾಕ ಬರತಿ."

ಹೌದಲ್ಲ ಎಂದು ಒಪ್ಪಿಕೊಳ್ಳುವ ಮನಸ್ಸಾಗದೆ ಹೋಗಿ ಕಂಬಕ್ಕೆ ಆತು ನಿಂತೆ. ಅಷ್ಟರಲ್ಲಿ ಅನು ಅಜ್ಜಿಯ ಕೈ ಹಿಡಿದು ನಡುವಿಗೆ ಎಳೆದುಕೊಂಡು ಹೋದಳು. "ಅಜ್ಜೀ, ಕೂಗಿ. ಎನಿಥಿಂಗ್. ಜೋರಾಗಿ."

"ಮಂದಿ ಅದಾರವ್ವಾ."

"ಸೋ ವಾಟ್?"

ದೊಡ್ಡವ್ವ ಸೀರೆ ಸರಿಮಾಡಿಕೊಂಡಳು. ಏನು ಕೂಗುವುದೆಂದು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಎದೆತುಂಬ ಉಸಿರು ತೆಗೆದುಕೊಂಡು, ಚಿಕ್ಕಂದಿನಲ್ಲಿ ನಾವು ರಜೆಗೆ ಹೋದಾಗ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು ನಮ್ಮನ್ನೆಲ್ಲ ಕರೆಯುತ್ತಿದ್ದ ಅದೇ ದನಿಯಲ್ಲಿ ಕೂಗಿದಳು.

"ಊಟಕ್ಕ ಬರ್ರೆಪಾ!"

ಕಂಬದ ಬದಿ ಫೋಟೋಗೆ ನಿಂತಿದ್ದ ಮದುಮಗಳು ಬೆಚ್ಚಿಬಿದ್ದಳು. ಗುಮ್ಮಟ ಒಂದೇ ಸಲ ಮರುನುಡಿಯಿತು. ದೊಡ್ಡವ್ವ ಕಾದಳು. ಎರಡನೆಯದು ಬರಲಿಲ್ಲ.

"ಒಂದ ಸಲ," ಎಂದಳು. ಆದರೆ ಆ ದಿನ ಅಲ್ಲಿಂದ ಹೊರಡಲು ಒಪ್ಪಿದ್ದು ಬಿಸಿಲು ಇಳಿದ ಮೇಲೆ. ಇನ್ನೂ ಐದಾರು ಸಲ ಕೂಗಿದಳು. ಅನುವಿನ ಹೆಸರು, ಸುಮಾಳ ಕೂಸಿನ ಹೆಸರು. ನನ್ನ ಹೆಸರನ್ನೂ ಕೂಗಿದಳು, ಆದರೆ ಹಿಂದೆಯೇ "ಬಾ ಇಲ್ಲೆ, ಕಂಬಕ್ಕ ಆತು ನಿಂತೇನ್ ಮಾಡತಿ" ಎಂದು ಬೈಗುಳವನ್ನೂ ಸೇರಿಸಿದಳು. ಗುಮ್ಮಟ ಅದನ್ನೂ ಹೇಳಿತು.

ಇದಾದ ಎರಡು ದಿನಕ್ಕೆ ಊರಿಗೆ ಹೋದಳು. ಆಮೇಲೆ ಬೇರೆ ನೆಂಟರು ಬಂದರು, ಹೋದರು. ನನ್ನ ಸಿಡುಕು ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಈಗ ಅವರನ್ನು ರೈಲು ನಿಲ್ದಾಣದಲ್ಲಿ ಇಳಿಸಿ ದಾರಿ ಹೇಳಿಬಿಡುತ್ತೇನೆ. ಒಂದಿಬ್ಬರು ಮುಖ ಊದಿಸಿಕೊಂಡಿದ್ದಾರೆ.

ಕಳೆದ ಶನಿವಾರ ಮುಂಜಾನೆ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಸೇತುವೆಯ ಮೇಲೆ ನಡೆದುಹೋದೆ. ಯಾರಿಗೂ ತೋರಿಸುವುದಕ್ಕಲ್ಲ. ನಡುವೆ ತಲುಪುವಾಗ ಫೋನು ಬಂತು. ದೊಡ್ಡವ್ವ. ಅಲ್ಲಿ ಸಂಜೆಯಾಗಿತ್ತು.

"ಹೋಗಿದ್ವೆವ್ವಾ ಇವತ್ತ," ಎಂದಳು, ಹೇಗಿದ್ದೀ ಅಂತಿಲ್ಲ, ಏನಿಲ್ಲ. "ಮ್ಯಾಲ ತನಕ ಹತ್ತಿದೆ. ಮೊಣಕಾಲು ಹಿಡದಾವ. ಕುಂತು ಕುಂತು ಹತ್ತಿದೆ, ಹಿಂದಿನವರು ಗೊಣಗಿದ್ರು, ಗೊಣಗಲಿ."

"ಹೇಗಿತ್ತು?"

"ಏನ್ ಗದ್ದಲಾ ಅಂತಿ! ಸಾಲಿ ಹುಡುಗೂರು ಬಂದಿದ್ವು. ಒಂದ ಸವನ ಚೀರತಾವ. ಏಳು ಸಲ ಎಲ್ಲಿಂದ ಎಣಸ್ತಿ? ಎಲ್ಲಾರೂ ಸುಳ್ಳ ಹೇಳ್ಯಾರ ನನಗ ಇಷ್ಟು ವರ್ಷ."

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಸೈಕಲ್ಲಿನವನೊಬ್ಬ ತಿರುಗಿ ನೋಡಿದ.

"ಪಿಸುಮಾತು? ಅದೂ ಕೇಳಲಿಲ್ವಾ?"

"ನಿಮ್ಮ ದೊಡ್ಡಪ್ಪ ಆ ಕಡೆ ಹೋಗಿ ಕುಂತ್ರು. ಅಷ್ಟು ದೂರ, ಮಾರಿ ಕಾಣತಿದ್ದಿಲ್ಲ. ನಾ ಈ ಕಡೆ ಗ್ವಾಡಿಗಿ ಕಿವಿ ಹಚ್ಚಿದೆ. ಅಷ್ಟು ಗದ್ದಲದಾಗೂ ಕೇಳಿಸ್ತವ್ವಾ, ಇಲ್ಲೇ ಮಗ್ಗಲದಾಗ ಕುಂತಂಗ."

"ಏನಂದ್ರು?"

"ಹಸಿವ್ಯಾಗೇತಿ, ಅಡಿಗಿ ಏನ್ ಮಾಡೀದಿ ಅಂದ್ರು."

"ನೀನೇನಂದೆ?"

"ನಾನೂ ಗ್ವಾಡಿಗಿ ಬಾಯಿ ಹಚ್ಚಿದೆ," ಎಂದಳು ದೊಡ್ಡವ್ವ. "ಏನೂ ಮಾಡಿಲ್ಲ, ಇವತ್ತ ಖಾನಾವಳಿ ಅಂದೆ. ಆಮ್ಯಾಲ ಇನ್ನೂ ಒಂದು ತಾಸು ಅಲ್ಲೇ ಕುಂತೆ."