ಅಪ್ಪ ಸಹಿ ಹಾಕಿದ ಬಾಡಿಗೆ ರಸೀದಿ

ಜನವರಿ ಬಂತೆಂದರೆ ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಪಾಠದ ಮಾತೇ ಇರುತ್ತಿರಲಿಲ್ಲ. ಯಾರ ವಿಮೆ ಎಷ್ಟು, ಯಾರ ಮನೆಸಾಲ ಎಷ್ಟು, ಇದೇ ಸುದ್ದಿ. ತಿಂಗಳಾ ತಿಂಗಳಾ ಪಗಾರದಲ್ಲಿ ಅಂದಾಜಿನ ಮೇಲೆ ತೆರಿಗೆ ಕಡಿಯುತ್ತಿದ್ದರು. ಉಳಿತಾಯದ ಕಾಗದ ತೋರಿಸದವರ ಬಾಕಿಯೆಲ್ಲ ಫೆಬ್ರುವರಿ ಪಗಾರದಲ್ಲಿ ಒಮ್ಮೆಲೇ ಹೋಗುತ್ತಿತ್ತು. ಗಣಿತ ಕಲಿಸುವ ನಾನೇ ಆ ಲೆಕ್ಕದಲ್ಲಿ ಪ್ರತಿ ವರ್ಷ ಫೇಲು.

ಆಗ ನಾನು ಮಹಾರಾಷ್ಟ್ರದ ಗಡಿಯೊಳಗಿನ ಮೈಂದರ್ಗಿಯ ನಮ್ಮ ಮನೆಯಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟೆಯ ಶಾಲೆಗೆ ಹೋಗಿಬರುತ್ತಿದ್ದೆ. ಆ ವರ್ಷ ಶಾಲೆಯ ಗುಮಾಸ್ತ ನನ್ನ ಕಾಗದ ನೋಡಿ ಲೊಚಗುಟ್ಟಿದ.

"ಸರ್, ಬಾಡಿಗಿ ಪಾವತಿ ಯಾಕ ಹಚ್ಚಿಲ್ರಿ?"

ಇರುವುದು ಅಪ್ಪನ ಮನೆಯಲ್ಲಿ ಎಂದೆ.

"ಅದಕ್ಕೇನ್ರಿ? ಅಪ್ಪಗ ಬಾಡಿಗಿ ಕೊಡ್ತೀನಂತ ಒಂದ್ ಪಾವತಿ ಬರಸ್ಕೊಂಡು ಬರ್ರಿ. ಸೋಲಾಪುರದ ಆಫೀಸಿನವ್ರು ಬಂದು ನೋಡ್ತಾರೇನು?"

ಒಂದು ಹಳೆಯ ಬೈಕಿನ ಮೇಲೆ ನನಗೆ ಕಣ್ಣಿತ್ತು. ತೆರಿಗೆ ಉಳಿದರೆ ಅದನ್ನು ಕೊಳ್ಳಬಹುದೆಂಬ ಆಸೆಗೆ ಬಿದ್ದೆ. ನಾನೇ ಕೂತು ಮರಾಠಿಯಲ್ಲಿ ರಸೀದಿ ಬರೆದೆ.

ಸಂಜೆ ಅಪ್ಪ ಕುರಿಗಳನ್ನು ದಡ್ಡಿಯಲ್ಲಿ ಕೂಡಿಹಾಕಿ, ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದ. ಕಾಗದ ಮುಂದೆ ಹಿಡಿದಾಗ ಓದಿ ಹೇಳು ಎಂದ. ಓದಿದೆ.

"ನನ್ನ ಮಗ ನನಗ ಬಾಡಿಗಿ ಕೊಡ್ತಾನಂತ ಐತೇನು?"

"ಬರೇ ಕಾಗದಕ್ಕಪ್ಪಾ."

ಸಂತೆಯಲ್ಲಿ ಮುದಿ ಕುರಿಯನ್ನು ಎರಡು ಹಲ್ಲಿನ ಎಳೆಯದೆಂದು ಹೇಳಿ ಮಾರದ ಮನುಷ್ಯ ಅವನು. ಆದರೂ ನನ್ನ ಪೆನ್ನು ಇಸಕೊಂಡು ಸಹಿ ಹಾಕಿದ.

ಮರುದಿನ ಸಂಜೆ ಎಂದಿನಂತೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತ.

"ಮಾಸ್ತರಿಗೆ ಪಡಸಾಲ್ಯಾಗ ನೀಡು. ಬಾಡಿಗಿಯವ್ರು ಒಲಿ ಮುಂದ ಕುಂದ್ರಂಗಿಲ್ಲ."

ಅವ್ವ ನಕ್ಕಳು. ಅಪ್ಪ ನಗಲಿಲ್ಲ.

ನಮ್ಮಲ್ಲಿ ಒಲೆಯ ಮುಂದೆ ಉಣ್ಣುವವರು ಮನೆಯವರು, ಪಡಸಾಲೆಯಲ್ಲಿ ಉಣ್ಣುವವರು ಹೊರಗಿನವರು. ಕುರಿ ವ್ಯಾಪಾರಿ ಬಂದರೂ ಊಟ ಅಲ್ಲೇ. ನಾನು ತಾಟು ಎತ್ತಿಕೊಂಡು ಹೋಗಿ ಒಬ್ಬನೇ ಉಂಡೆ. ಸಿಟ್ಟು ನೆತ್ತಿಗೇರಿತ್ತು. ಎಲ್ಲರೂ ಮಾಡುವುದನ್ನು ಮಾಡಿದರೆ ನನಗೊಬ್ಬನಿಗೇ ಏನು ಶಿಕ್ಷೆ? ಎರಡನೆಯ ದಿನವೂ ಅಲ್ಲೇ ಆಯಿತು. ಮೂರನೆಯ ದಿನ ಒಳಗೆ ಅಪ್ಪ ಅವ್ವ ಏನೋ ಮಾತಾಡಿಕೊಂಡು ಉಣ್ಣುವುದು ಕೇಳಿಸಿತು. ಮೂವತ್ತರ ಗಣಿತ ಮಾಸ್ತರ, ತಾಟಿನ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನ ಕಾಗದ ಕೊಡಲು ಕಡೆಯ ದಿನ. ಗುಮಾಸ್ತನಿಗೆ ವಿಮೆಯ ಕಾಗದವಷ್ಟೇ ಕೊಟ್ಟೆ. ಪಾವತಿ ಎಲ್ಲಿ ಎಂದು ಕೇಳಿದ.

"ನಾ ಬಾಡಿಗಿ ಕೊಡಂಗಿಲ್ಲಪಾ" ಎಂದೆ.

ಮನೆಗೆ ಬಂದವನೇ ಅಪ್ಪನಿಗೆ ಹೇಳಿದೆ: "ಅದನ್ನ ಕೊಡಲಿಲ್ಲಪ್ಪಾ. ಫೆಬ್ರುವರಿ ಪಗಾರ ಕಡೀತಾರ."

"ಕಡೀಲಿ ಬಿಡು. ಮನ್ಯಾಗ ಜ್ವಾಳ ಅದಾವ" ಎಂದು ನನ್ನ ಮಣೆಯನ್ನು ತಾನೇ ತಂದು ಒಲೆಯ ಮುಂದೆ ಹಾಕಿದ. ಆ ಫೆಬ್ರುವರಿಯಲ್ಲಿ ಪಗಾರ ಅರ್ಧಕ್ಕರ್ಧ ಹೋಯಿತು, ಬೈಕು ಬೇರೆಯವರ ಪಾಲಾಯಿತು. ಆದರೆ ಅಷ್ಟು ರುಚಿಯ ರೊಟ್ಟಿಯನ್ನು ನಾನು ಮತ್ತೆ ಉಂಡಿಲ್ಲ.

ಈಗ ಅಪ್ಪ ಇಲ್ಲ, ಅವ್ವ ಇಲ್ಲ, ಒಲೆಯ ಜಾಗದಲ್ಲಿ ಗ್ಯಾಸು ಬಂದಿದೆ. ಹೊಸ ಗುಮಾಸ್ತ ನನ್ನದೇ ಹಳೆಯ ವಿದ್ಯಾರ್ಥಿ. ಫೋನಿನಲ್ಲೇ ಕೇಳುತ್ತಾನೆ: "ಸರ್, ತೆರಿಗಿ ಹಳೇ ಪದ್ಧತಿಲೆ ಕಡೀಲೋ, ಹೊಸಾದ್ರಾಗೋ?" ಹೊಸದು ಎನ್ನುತ್ತೇನೆ. ಅದರಲ್ಲಿ ಬಾಡಿಗೆ ರಸೀದಿಯನ್ನು ಯಾರೂ ಕೇಳುವುದಿಲ್ಲ.

ಆದರೂ ಪ್ರತಿ ಜನವರಿಯಲ್ಲಿ ಹಳೆಯ ಪಾಸ್‌ಬುಕ್ಕಿನಿಂದ ಆ ಕಾಗದವನ್ನು ತೆಗೆದು ನೋಡುತ್ತೇನೆ. ಅಕ್ಷರ ನನ್ನವು, ಕೆಳಗಿನ ಸಹಿ ಅಪ್ಪನದು. ಕುರಿಯ ಹಲ್ಲಿನ ವಿಷಯಕ್ಕೂ ಸುಳ್ಳಾಡದವನು ಮಗ ಕೇಳಿದನೆಂದು ಸಹಿ ಹಾಕಿಬಿಟ್ಟಿದ್ದ. ಪಡಸಾಲೆಯಲ್ಲಿ ಉಂಡ ಆ ಮೂರು ದಿನಗಳನ್ನು ನಾನು ಮರೆತೇನು, ಆ ಸಹಿಯನ್ನು ಮರೆಯಲಾರೆ.